ಹಾಲ್ ಕೇನನ ದ್ವೀಪವೂ ಮೂಕಚಿತ್ರಗಳೂ

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿ ಮ್ಯಾನ್ ಎಂಬ ಪುಟ್ಟ ದ್ವೀಪವೊಂದುಂಟು. ತನ್ನದೇ ಆದ ಶಾಸನಸಭೆ, ‘ಡೀಮ್‌ಸ್ಟರ್’ ಎಂಬ ಹೆಸರಿನ ತನ್ನದೇ ನ್ಯಾಯಾಧೀಶರು, ಹೆರಿಂಗ್ ಮೀನನ್ನು ನಂಬಿ ಬಾಳುವ ಬೆಸ್ತರು, ಹಳೆಯ ಮ್ಯಾಂಕ್ಸ್ ನುಡಿಯ ಛಾಯೆ ಹೊತ್ತ ಅವರ ಇಂಗ್ಲಿಷು, ಇವೆಲ್ಲವನ್ನೂ ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಅಸಂಖ್ಯ ಓದುಗರಿಗೆ ಪರಿಚಯ ಮಾಡಿಕೊಟ್ಟವನು ಕಾದಂಬರಿಕಾರ ಹಾಲ್ ಕೇನ್. ಅವನ ಕಥೆಗಳು ಮೂಕಚಿತ್ರಗಳಾಗಿ ದೇಶದೇಶಗಳನ್ನು ಸಂಚರಿಸಿದಾಗ ಆ ದ್ವೀಪಕ್ಕೆ ಒದಗಿದ ಗತಿಯು ವಿಚಾರಾರ್ಹವಾದುದು.

ಕೇನನು 1853ರಲ್ಲಿ ಚೆಷೈರ್ ಪ್ರಾಂತದ ರನ್‌ಕಾರ್ನಿನಲ್ಲಿ ಜನಿಸಿ ಲಿವರ್‌ಪೂಲಿನಲ್ಲಿ ಬೆಳೆದನು. ತಂದೆ ಮ್ಯಾನ್ ದ್ವೀಪದಿಂದ ಬಂದ ಕಮ್ಮಾರ. ಬಾಲ್ಯದಲ್ಲಿ ದ್ವೀಪದ ಬಂಧುಗಳ ಮನೆಗೆ ಹೋದಾಗಲೆಲ್ಲ ಅಜ್ಜಿಯ ಬಾಯಿಂದ ಕೇಳಿದ ಕಥೆಗಳು ಮನಸ್ಸಿನ ತಳದಲ್ಲಿ ಉಳಿದಿದ್ದುವು. ವಾಸ್ತುಶಿಲ್ಪಿಯೊಬ್ಬನ ಕೈಕೆಳಗೆ ಕಸುಬು ಕಲಿತ ತರುಣನು ಸಾಹಿತ್ಯದ ಗೀಳಿನಿಂದ ಕವಿಯೂ ಚಿತ್ರಕಾರನೂ ಆಗಿದ್ದ ರೊಸೆಟ್ಟಿಯ ಸ್ನೇಹವನ್ನು ಸಂಪಾದಿಸಿ, 1882ರಲ್ಲಿ ಅವನು ತೀರಿಕೊಳ್ಳುವವರೆಗೂ ಅವನ ಸಹವಾಸಿಯಾಗಿದ್ದನು. ಮ್ಯಾನ್ ದ್ವೀಪವನ್ನು ಕುರಿತು ಬರೆಯೆಂದು ಪ್ರೇರಿಸಿದವನೂ ರೊಸೆಟ್ಟಿಯೇ.

1887ರಲ್ಲಿ ‘ದಿ ಡೀಮ್‌ಸ್ಟರ್’, 1894ರಲ್ಲಿ ‘ದಿ ಮ್ಯಾಂಕ್ಸ್‌ಮನ್’, 1897ರಲ್ಲಿ ‘ದಿ ಕ್ರಿಶ್ಚಿಯನ್’ ಹೀಗೆ ಒಂದಾದಮೇಲೊಂದು ಕಾದಂಬರಿ ಹೊರಬಿದ್ದು ಅಪಾರ ಜನಾದರಕ್ಕೆ ಪಾತ್ರವಾದುವು. ಕಾದಂಬರಿಯೆಂದರೆ ಮೂರು ಸಂಪುಟಗಳಿರಬೇಕೆಂಬ ಗ್ರಂಥಾಲಯಗಳ ಕಟ್ಟು ಸಡಿಲುತ್ತಿದ್ದ ಕಾಲದಲ್ಲಿ ‘ದಿ ಮ್ಯಾಂಕ್ಸ್‌ಮನ್’ ಒಂದೇ ಸಂಪುಟದಲ್ಲಿ ಪ್ರಕಟವಾಗಿ ಗೆದ್ದಿತು. ಬ್ರಿಟನ್ನಿನಲ್ಲಿ ಹತ್ತು ಲಕ್ಷ ಪ್ರತಿಗಳನ್ನು ಮೀರಿ ಮಾರಾಟವಾದ ಮೊದಲ ಕಾದಂಬರಿ ‘ದಿ ಕ್ರಿಶ್ಚಿಯನ್’ ಎಂದು ಪ್ರಸಿದ್ಧಿ. ಗ್ರೀಬಾ ಕ್ಯಾಸಲ್ ಎಂಬ ಮನೆಯಲ್ಲಿ ನೆಲೆಸಿದ ಕೇನನು 1901ರಲ್ಲಿ ದ್ವೀಪದ ಶಾಸನಸಭೆಗೂ ಆರಿಸಿಬಂದನು.

ಅವನ ಕಥನದ ಮರ್ಮವಿರುವುದು ಪಾಪ ಮತ್ತು ಪ್ರಾಯಶ್ಚಿತ್ತಗಳಲ್ಲಿ. ‘ದಿ ಮ್ಯಾಂಕ್ಸ್‌ಮನ್’ ಕಾದಂಬರಿಯ ಫಿಲಿಪ್ಪನು, ಹಣ ಗಳಿಸಲೆಂದು ದಕ್ಷಿಣ ಆಫ್ರಿಕಕ್ಕೆ ಹೋದ ಮಿತ್ರ ಪೀಟನು ತನ್ನ ರಕ್ಷಣೆಯಲ್ಲಿ ಬಿಟ್ಟುಹೋದ ಕೇಟಳನ್ನು ತಾನೇ ಪ್ರೀತಿಸಿ, ಮಿತ್ರನು ಮರಳಿದ ಮೇಲೆ ಮೌನವಾಗಿ ಹಿಂದೆಗೆದು, ಡೀಮ್‌ಸ್ಟರ್ ಪದವಿಗೇರಿ, ಕಡೆಗೊಂದು ದಿನ ಆತ್ಮಹತ್ಯೆಗೆ ಯತ್ನಿಸಿದ ಅಪರಾಧಕ್ಕಾಗಿ ಅದೇ ಕೇಟಳು ತನ್ನೆದುರಿಗೇ ತರಲ್ಪಡುವುದನ್ನು ಕಂಡು, ಕೊನೆಗೆ ತನ್ನ ದೋಷವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವನು. ತೀರ್ಪು ಕೊಡುವವನೇ ತಪ್ಪಿತಸ್ಥನಾಗಿರುವ ಈ ಸನ್ನಿವೇಶವು ಕೇನನಿಗೆ ಎಷ್ಟು ಪ್ರಿಯವಾಗಿತ್ತೆಂದರೆ 1921ರ ‘ದಿ ಮಾಸ್ಟರ್ ಆಫ್ ಮ್ಯಾನ್’ ಕಾದಂಬರಿಯಲ್ಲಿ ಅದು ಬೇರೆ ವೇಷ ತೊಟ್ಟು ಮರಳಿ ಬಂದಿತು.

ಚಲನಚಿತ್ರದವರಿಗೆ ಬೇಕಾಗಿದ್ದುದೂ ಇಂಥದೇ. ಮಾತಿಲ್ಲದ ತೆರೆಯ ಮೇಲೆ ಸೂಕ್ಷ್ಮ ಸಂಭಾಷಣೆಗೆ ಎಡೆಯಿಲ್ಲ. ಆದರೆ ನ್ಯಾಯಾಲಯದಲ್ಲಿ ಕಣ್ಣುಗಳು ಸಂಧಿಸುವುದನ್ನೂ ಅಧಿಕಾರದ ಉಡುಪಿನೊಳಗೆ ಮನುಷ್ಯನೊಬ್ಬನು ಕುಸಿಯುವುದನ್ನೂ ಅರ್ಥಮಾಡಿಕೊಳ್ಳಲು ಪ್ರೇಕ್ಷಕನಿಗೆ ಭಾಷೆಯೇ ಬೇಡ. ಹಾಗಾಗಿ ‘ದಿ ಕ್ರಿಶ್ಚಿಯನ್’ ಆಸ್ಟ್ರೇಲಿಯದಲ್ಲಿ, ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಚಿತ್ರವಾಯಿತು.

ಆದರೆ ಪಾತ್ರಗಳ ಮಾತು ಅಳಿದು, ದೇಶಕ್ಕೊಂದರಂತೆ ಬದಲಿಸಬಹುದಾದ ಅಕ್ಷರಫಲಕಗಳಷ್ಟೇ ಉಳಿದ ಮೇಲೆ, ಆ ಮಾತಿಗೆ ಜನ್ಮವಿತ್ತ ನೆಲವೂ ಬದಲಿಸಬಹುದಾದ ವಸ್ತುವಾಯಿತು. 1916ರ ‘ದಿ ಮ್ಯಾಂಕ್ಸ್‌ಮನ್’ ಚಿತ್ರವನ್ನು ತೆಗೆದ ಜಾರ್ಜ್ ಲೋನ್ ಟಕರನು ದ್ವೀಪಕ್ಕೇ ಹೋಗಿದ್ದನು. ಬರಬರುತ್ತಾ ಅಷ್ಟು ಶ್ರಮವೂ ಅನಾವಶ್ಯಕವೆನಿಸಿತು. ‘ದಿ ಮಾಸ್ಟರ್ ಆಫ್ ಮ್ಯಾನ್’ ಕಥೆಯನ್ನು ಸ್ವೀಡನ್ನಿನ ವಿಕ್ಟರ್ ಸ್ಯೋಸ್ಟ್ರೋಮನು ಅಮೆರಿಕದಲ್ಲಿ ‘ನೇಮ್ ದಿ ಮ್ಯಾನ್’ ಎಂದು ಚಿತ್ರಿಸಿದನು. ಮೊದಲ ಮಹಾಯುದ್ಧದಲ್ಲಿ ಶತ್ರುದೇಶದ ಸಹಸ್ರಾರು ಪ್ರಜೆಗಳನ್ನು ಬಂಧಿಸಿಟ್ಟಿದ್ದ ದ್ವೀಪದ ನಾಕಲೋ ಶಿಬಿರವನ್ನು ಕುರಿತ ಕೇನನ ಕಥೆಯು 1927ರಲ್ಲಿ ‘ಬಾರ್ಬ್ಡ್ ವೈರ್’ ಎಂಬ ಚಿತ್ರವಾದಾಗ ಮ್ಯಾಂಕ್ಸ್ ರೈತಕನ್ಯೆಯು ಫ್ರೆಂಚ್ ಹುಡುಗಿಯಾದಳು. ರೋಮ್ ನಗರವನ್ನು ಕುರಿತ ‘ದಿ ಎಟರ್ನಲ್ ಸಿಟಿ’ ಕಾದಂಬರಿಯ ಪಾಡು ಇನ್ನೂ ವಿಚಿತ್ರ: ಕ್ರೈಸ್ತ ಸಮಾಜವಾದದ ಆದರ್ಶವನ್ನು ಸಾರುವ ಕಥೆಯು 1923ರ ಚಿತ್ರದಲ್ಲಿ ಫ್ಯಾಸಿಸ್ಟರ ಪಕ್ಷ ವಹಿಸಿ, ಸಾಕ್ಷಾತ್ ಮುಸ್ಸೊಲಿನಿಯನ್ನೇ ತೆರೆಯ ಮೇಲೆ ತಂದು ನಿಲ್ಲಿಸಿತು.

1929ರಲ್ಲಿ ತರುಣ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ‘ದಿ ಮ್ಯಾಂಕ್ಸ್‌ಮನ್’ ಕಥೆಯನ್ನು ಮತ್ತೆ ಕೈಗೆತ್ತಿಕೊಂಡಾಗ ಮ್ಯಾನ್ ದ್ವೀಪದ ಸ್ಥಾನದಲ್ಲಿ ಕಾರ್ನ್‌ವಾಲಿನ ಕಡಲತೀರ ನಿಂತಿತು. ಬೆಸ್ತ ಪೀಟನಾಗಿ ಡೆನ್ಮಾರ್ಕಿನ ಕಾರ್ಲ್ ಬ್ರಿಸನ್, ಕೇಟಳಾಗಿ ಜೆಕ್ ನಟಿ ಆನಿ ಆಂಡ್ರಾ ಅಭಿನಯಿಸಿದರು. ಮೂಕಚಿತ್ರದಲ್ಲಿ ಇದರಿಂದ ಯಾವ ಬಾಧಕವೂ ಇರಲಿಲ್ಲ. ಅದೇ ವರ್ಷ ಹಿಚ್‌ಕಾಕನ ‘ಬ್ಲ್ಯಾಕ್‌ಮೇಲ್’ ವಾಕ್ಚಿತ್ರವಾಗಿ ಮಾರ್ಪಟ್ಟಾಗಲಾದರೋ, ಆಂಡ್ರಾಳ ಉಚ್ಚಾರಣೆ ಲಂಡನ್ನಿನ ಹುಡುಗಿಗೆ ಒಪ್ಪದೆ, ಅವಳು ಬರಿದೆ ತುಟಿಯಾಡಿಸುತ್ತಿದ್ದಂತೆ ಇನ್ನೊಬ್ಬ ನಟಿ ಮರೆಯಲ್ಲಿ ನಿಂತು ನುಡಿಯಬೇಕಾಯಿತು.

ಎರಡು ವರ್ಷಗಳ ತರುವಾಯ, 1931ರ ಆಗಸ್ಟಿನಲ್ಲಿ, ಕೇನನು ತೀರಿಕೊಂಡನು. ತೆರೆಯು ಮಾತು ಕಲಿತ ಮೇಲಾದರೂ ಮ್ಯಾಂಕ್ಸ್ ಬೆಸ್ತರ ನುಡಿಯನ್ನು ಲೋಕವು ಕೇಳಬಹುದಾಗಿದ್ದಿತು. ಆದರೆ ಆ ಹೊತ್ತಿಗೆ ಅವನ ಭಾವಾವೇಶದ ಶೈಲಿಯೇ ಜನರಿಗೆ ಹಳತಾಗಿದ್ದಿತು. ಇಂದು ಸಾಮಾನ್ಯ ಓದುಗನಿಗೆ ಅವನ ಹೆಸರು ಎದುರಾಗುವುದಾದರೆ ಹಿಚ್‌ಕಾಕನ ಕಡೆಯ ಮೂಕಚಿತ್ರಕ್ಕೆ ಕಥೆಯೊದಗಿಸಿದವನೆಂದು, ಇಲ್ಲವೇ ಬ್ರಾಮ್ ಸ್ಟೋಕರನು ‘ಡ್ರಾಕುಲಾ’ ಕಾದಂಬರಿಯನ್ನು ಅರ್ಪಿಸಿದ ಗೆಳೆಯನೆಂದು. ಆ ಅರ್ಪಣೆಯಲ್ಲಿಯೂ ಕಾಣುವುದು ಅವನ ಪ್ರಸಿದ್ಧ ನಾಮವಲ್ಲ. ದ್ವೀಪದ ಅಜ್ಜಿ ಮುದ್ದಿನಿಂದ ಕರೆಯುತ್ತಿದ್ದ ‘ಹೊಮ್ಮಿಬೆಗ್’ ಎಂಬ ಮ್ಯಾಂಕ್ಸ್ ಹೆಸರು.