ಬತ್ತಿಯಂತೆ ಹೊಸೆದ ತಂತಿ

1994. ಮುಂಬಯಿಯಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿದ ಹೊಸತು. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಕೊಂಡು, ಬಾಡಿಗೆ ಖೋಲಿಯಲ್ಲಿ ಕೂತು ಆಂಪ್ಲಿಫೈಯರ್ ಒಂದನ್ನು ಕಟ್ಟಿದೆ. ಓದಿದ್ದು ಬಿಕಾಂ, ಹುಚ್ಚು ಮಾತ್ರ ಬೆಸುಗೆಯದು! ಊರಿನಿಂದ ತಂದ ಕ್ಯಾಸೆಟ್ಟಿನಲ್ಲಿ ತೀರಿಹೋದ ಅಪ್ಪಯ್ಯನ ತಾಳಮದ್ದಳೆ ಅರ್ಥ ಇತ್ತು. ಹಾಕಿದರೆ ಅಪ್ಪಯ್ಯನ ದನಿಗಿಂತ ಜೋರಾಗಿ ಗುಂಯ್ ಎನ್ನುವ ಸದ್ದು...

ಅಂಗಡಿಯ ಹಿರಿಯರೊಬ್ಬರು ಡಬ್ಬಿ ತೆರೆದು ನೋಡಿ ನಕ್ಕರು. ಟ್ರಾನ್ಸ್‌ಫಾರ್ಮರಿನ ತಂತಿ, ಇನ್‌ಪುಟ್ ತಂತಿ ಎಲ್ಲವನ್ನೂ ನಾನು ಲೆಡ್ಜರ್ ಬರೆದಷ್ಟು ನೀಟಾಗಿ ಒಂದೇ ಕಟ್ಟು ಮಾಡಿದ್ದೆ. ಅದೇ ತಪ್ಪು. ಕರೆಂಟಿನ 50 ಹರ್ಟ್ಸ್ ಪಕ್ಕದ ತಂತಿಗೆ ಹಾರಿತ್ತು.

ಈ ತಪ್ಪು ನನ್ನೊಬ್ಬನದಲ್ಲ ಮಾರಾಯ್ರೆ. ಮೊದಮೊದಲು ಟೆಲಿಫೋನಿಗೆ ಟೆಲಿಗ್ರಾಫಿನಂತೆ ಒಂದೇ ತಂತಿ, ವಾಪಸು ದಾರಿ ಭೂಮಿ. ಪಕ್ಕದ ಲೈನಿನ ಸದ್ದೆಲ್ಲ ಇಲ್ಲಿ ಕೇಳುತ್ತಿತ್ತು. 1881ರಲ್ಲಿ ಗ್ರಹಾಂ ಬೆಲ್ ಎರಡು ತಂತಿ ಹೊಸೆಯುವುದಕ್ಕೆ ಪೇಟೆಂಟ್ ಪಡೆದ. ಹೊಸೆದಾಗ ಎರಡೂ ತಂತಿ ಸರದಿಯಂತೆ ಸದ್ದಿನ ಹತ್ತಿರ ಬರುತ್ತವೆ, ಎರಡಕ್ಕೂ ತಗಲುವ ಉಪದ್ರ ಒಂದಕ್ಕೊಂದು ವಜಾ. ಜಮಾ-ಖರ್ಚಿನವನಾದ ನನಗೆ ಇದು ಕೂಡಲೇ ಅರ್ಥವಾಯಿತು!

ಅದಕ್ಕೂ ಒಂದು ವರ್ಷ ಮೊದಲು, 1880ರಲ್ಲಿ, ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಒಂದು ತಂತಿಯ ಸುತ್ತ ಇನ್ನೊಂದು ವಾಹಕದ ಕವಚ ಹೊದಿಸುವ ಕೇಬಲಿಗೆ ಪೇಟೆಂಟ್ ಮಾಡಿಸಿದ್ದ. ಕಾಲೇಜು ಮೆಟ್ಟಿಲು ಹತ್ತದವ, ಟೆಲಿಗ್ರಾಫ್ ಕೆಲಸ ಬಿಟ್ಟು ಮನೆಯಲ್ಲಿ ಕೂತು ಓದಿದವ. 1947ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಮ್ಸನ್ನರ ವಾಲ್ವ್ ಆಂಪ್ಲಿಫೈಯರ್ ಬಂದಾಗ ಮನೆಮನೆಯಲ್ಲಿ ಅದನ್ನು ಕಟ್ಟಿದರು. ಇಂಥ ವಾಲ್ವ್ ಸೆಟ್ಟುಗಳಲ್ಲೂ ಫಿಲಮೆಂಟಿನ 6.3 ವೋಲ್ಟ್ ಎಸಿ ತಂತಿಯನ್ನು ಹೊಸೆಯುವುದೇ ರೂಢಿ.

ನಾನೂ ಎಸಿ ಜೋಡಿಯನ್ನು ಹೊಸೆದು ಮೂಲೆಗೆ ಸರಿಸಿದೆ. ಇನ್‌ಪುಟ್ಟಿಗೆ ಕವಚದ ತಂತಿ ಹಾಕಿ, ಕವಚವನ್ನು ಒಂದೇ ತುದಿಯಲ್ಲಿ ಗ್ರೌಂಡಿಗೆ ಬೆಸೆದೆ. ದಪ್ಪದ ಲೆಕ್ಕವೂ ಸುಲಭ: 8 ಓಮ್ ಸ್ಪೀಕರಿಗೆ 50 ವ್ಯಾಟ್ ಅಂದರೆ 2.5 ಆಂಪಿಯರ್, ಅಲ್ಲಿ ದಪ್ಪ ತಂತಿ ಬೇಕು. ಇನ್‌ಪುಟ್ಟಿನಲ್ಲಿ ಹರಿಯುವುದು ಮೈಕ್ರೋ ಆಂಪಿಯರ್, ಕೂದಲೆಳೆ ಸಾಕು. ಬೆಳ್ಳಿ ತಂತಿಯೇ ಬೇಕೆನ್ನುವವರೂ ಇದ್ದಾರೆ. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕ ಹೌದು, ಆದರೆ ಶೇಕಡಾ 6ರಷ್ಟು ಮಾತ್ರ. ಗೇಣುದ್ದದ ತಂತಿಗೆ ಅಷ್ಟು ದುಡ್ಡೇ?

ಮೊನ್ನೆ ಡಬ್ಬಿ ಮತ್ತೆ ತೆರೆದೆ. ಬಿಸಿಗೆ ಪಿವಿಸಿ ಹೊದಿಕೆ ಕಡ್ಡಿಯಾಗಿತ್ತು. ಟೆಫ್ಲಾನ್ ತಂತಿ ಹಾಕಿದೆ. 1938ರಲ್ಲಿ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕ ವಸ್ತು, 260 ಡಿಗ್ರಿ ಸೆಲ್ಸಿಯಸ್‌ವರೆಗೂ ತಾಳುತ್ತದೆ. ರಾತ್ರಿ ಕ್ಯಾಸೆಟ್ ಹಾಕಿದೆ. ಚೆಂಡೆ ನಿಂತು, ಅಪ್ಪಯ್ಯ ಮಾತಿಗೆ ಮೊದಲು ಕೆಮ್ಮಿದ್ದೂ ಕೇಳಿತು.