ಪಾರಸಿಕ ಬೆಕ್ಕಿನ ಮುಖರಚನೆ: ಒಂದು ಐತಿಹಾಸಿಕ ವಿವೇಚನೆ

1623ರ ನವೆಂಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪನಾಯಕನನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಹೆಸರು ಕರ್ಣಾಟಕದ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಚಿರಪರಿಚಿತವಾದುದು. ಉಳ್ಳಾಲದ ರಾಣಿಯನ್ನೂ, ಮರಳಿನ ಮೇಲೆ ಬೆರಳಾಡಿಸಿ ಲೆಕ್ಕ ಕಲಿಯುತ್ತಿದ್ದ ಬಾಲಕರನ್ನೂ ಅವನು ವರ್ಣಿಸಿರುವ ಭಾಗಗಳನ್ನು ನಾವು ತರಗತಿಗಳಲ್ಲಿ ಪದೇ ಪದೇ ಉದಾಹರಿಸುತ್ತೇವೆ. ಆದರೆ ಅದೇ ಲೇಖನಿ ಸುಮಾರು 1620ರಲ್ಲಿ ಇಸ್ಫಹಾನಿನಿಂದ ನೇಪಲ್ಸಿನ ಮಿತ್ರ ಮಾರಿಯೊ ಸ್ಕಿಪಾನೋಗೆ ಬರೆದ ಪತ್ರವೊಂದರಲ್ಲಿ ಖುರಾಸಾನಿನ ಬೆಕ್ಕುಗಳ ವಿಷಯವಾಗಿ ಹೇಳಿರುವುದು ಅಷ್ಟಾಗಿ ನಮ್ಮ ಗಮನಕ್ಕೆ ಬಂದಂತಿಲ್ಲ. ಗಾತ್ರದಲ್ಲಿಯೂ ಆಕಾರದಲ್ಲಿಯೂ ಅವು ಸಾಮಾನ್ಯ ಬೆಕ್ಕುಗಳಂತೆಯೇ ಇದ್ದವು. ಅವುಗಳ ಚೆಲುವೆಲ್ಲ ಬೂದುಬಣ್ಣದಲ್ಲಿಯೂ ರೇಷ್ಮೆಯಂತಹ ನೀಳವಾದ ಕೂದಲಿನಲ್ಲಿಯೂ ಅಡಗಿತ್ತು ಎಂಬುದು ಆ ಪತ್ರದ ಸಾರಾಂಶ. ಕೆಲವು ಜೋಡಿಗಳನ್ನು ರೋಮಿಗೆ ಕೊಂಡೊಯ್ಯುವ ಆಸೆಯೂ ಅವನಿಗಿತ್ತು. ಫ್ರಾನ್ಸಿನ ಪ್ರಕೃತಿವಿಜ್ಞಾನಿ ಬ್ಯೂಫೋನನು ಹದಿನೆಂಟನೆಯ ಶತಮಾನದಲ್ಲಿ ಬೆಕ್ಕುಗಳ ಮೇಲೆ ಬರೆಯುವಾಗ ಈ ವರ್ಣನೆಯನ್ನೇ ಆಧಾರವಾಗಿಟ್ಟುಕೊಂಡನು.

ಆಕಾರದಲ್ಲಿ ಸಾಮಾನ್ಯ ಬೆಕ್ಕಿನಂತೆ ಎಂಬ ಈ ಮಾತು ನಮ್ಮ ಪ್ರಸ್ತುತ ವಿಚಾರಕ್ಕೆ ಬಹು ಮುಖ್ಯವಾದುದು. ಇಂದು ಪರ್ಷಿಯನ್ ಎಂಬ ಹೆಸರಿನಿಂದ ಬೆಂಗಳೂರಿನ ಮನೆಗಳಲ್ಲಿಯೂ ಸಾಕಲ್ಪಡುತ್ತಿರುವ ಬೆಕ್ಕುಗಳಲ್ಲಿ ಅನೇಕವುಗಳ ಮುಖ ಹಪ್ಪಳದಂತೆ ಚಪ್ಪಟೆ. ಮೂಗು ಎರಡು ಕಣ್ಣುಗಳ ನಡುವೆ ಒತ್ತಿಟ್ಟ ಗುಂಡಿಯಂತಿರುತ್ತದೆ. ಈ ಮುಖ ಖುರಾಸಾನಿನಿಂದ ಬಂದುದಲ್ಲವಾದರೆ ಎಲ್ಲಿಂದ ಬಂದಿತು? ಇಂಗ್ಲೆಂಡಿನ ಪ್ರದರ್ಶನಮಂದಿರಗಳಲ್ಲಿ ಆರಂಭವಾಗಿ ಅಮೆರಿಕೆಯ ಲಕ್ಷಣಪಟ್ಟಿಗಳಲ್ಲಿ ಪೂರ್ಣಗೊಂಡಿತೆಂಬುದು ನಮ್ಮ ಅಭಿಪ್ರಾಯ.

1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಚಿತ್ರಕಾರ ಹ್ಯಾರಿಸನ್ ವೇರ್ ಬೆಕ್ಕುಗಳ ಪ್ರದರ್ಶನವೊಂದನ್ನು ಏರ್ಪಡಿಸಿದನು. ಯಾರೂ ಲೆಕ್ಕಿಸದ ಈ ಪ್ರಾಣಿಯನ್ನು ಜನ ಆದರದಿಂದ ನೋಡುವಂತಾಗಲಿ ಎಂಬುದು ಅವನ ಉದ್ದೇಶ. ಯಾವ ಅಂಗಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲು ಗೊತ್ತುಪಡಿಸಿದವನೂ ಅವನೇ. 1889ರ ಅವನ ಗ್ರಂಥದಲ್ಲಿ ಆ ಪಟ್ಟಿಗಳು ಅಚ್ಚಾಗಿವೆ. 1887ರಲ್ಲಿ ಸ್ಥಾಪಿತವಾದ ನ್ಯಾಷನಲ್ ಕ್ಯಾಟ್ ಕ್ಲಬ್ಬಿನ ಮೊದಲ ಅಧ್ಯಕ್ಷನಾಗಿದ್ದ ಅವನು ಕೆಲವೇ ವರ್ಷಗಳಲ್ಲಿ ಬೇಸತ್ತು ಅದರಿಂದ ಹೊರಬಂದನು. ಸದಸ್ಯರಿಗೆ ಬೆಕ್ಕಿನ ಹಿತಕ್ಕಿಂತ ಬಹುಮಾನದ ಮೇಲೆಯೇ ಕಣ್ಣು ಎಂಬುದು ಅವನ ದೂರು. ಅಂಕಗಳ ಪಟ್ಟಿಯನ್ನು ಅವರ ಕೈಗಿತ್ತವನು ತಾನೇ ಎಂಬುದನ್ನು ಅವನು ಎಷ್ಟರಮಟ್ಟಿಗೆ ನೆನೆದಿದ್ದನೋ! ಅದೇನೇ ಇರಲಿ, ಆ ಕಾಲದ ಚಿತ್ರಗಳಲ್ಲಿ ಕಾಣುವ ನೀಳಗೂದಲಿನ ಬೆಕ್ಕಿಗೆ ದುಂಡು ತಲೆಯಿದೆಯಾದರೂ ಮೂತಿಯೂ ಇದೆ.

ಅಮೆರಿಕೆಯಲ್ಲಿ 1906ರಲ್ಲಿ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಸ್ಥಾಪಿತವಾಯಿತು. 1930ರ ದಶಕದ ವೇಳೆಗೆ ಅಲ್ಲಿ ಕೆಂಪುಬಣ್ಣದ ಪರ್ಷಿಯನ್ ಮರಿಗಳಲ್ಲಿ ಅತಿಯಾಗಿ ಚಪ್ಪಟೆಯಾದ ಮುಖದವು ಪ್ರತ್ಯೇಕವಾಗಿ ಗುರುತಿಸಲ್ಪಟ್ಟು, ಚೀನದ ಪೀಕಿಂಗೀಸ್ ನಾಯಿಯನ್ನು ಹೋಲುವುದರಿಂದ ಪೀಕ್-ಫೇಸ್ ಎನಿಸಿಕೊಂಡವು. ಶತಮಾನದ ಉತ್ತರಾರ್ಧದಲ್ಲಿ ಆ ಅತಿರೇಕವೇ ಇಡೀ ತಳಿಯ ಆದರ್ಶವಾಗುತ್ತ ಬಂದಿತು. ಮೂಗಿನ ತಗ್ಗು ಎರಡು ಕಣ್ಣುಗಳ ನಡುವೆಯೇ ಇರಬೇಕೆಂದು ಆ ಸಂಸ್ಥೆಯ ಲಕ್ಷಣಪಟ್ಟಿ ಇಂದಿಗೂ ವಿಧಿಸುತ್ತದೆ. 1960ರ ದಶಕದಲ್ಲಿ ಗಿಡ್ಡಗೂದಲಿನ ಅಮೆರಿಕನ್ ಬೆಕ್ಕಿನೊಡನೆ ಸಂಕರಗೊಳಿಸಿ ಎಕ್ಸಾಟಿಕ್ ಎಂಬ ತಳಿಯನ್ನು ಸೃಷ್ಟಿಸಿದಾಗ ಅದಕ್ಕೂ ಇದೇ ಮುಖ ಪ್ರಾಪ್ತವಾಯಿತು.

ಇನ್ನು ಈ ಆದರ್ಶಕ್ಕೆ ಪ್ರಾಣಿ ತೆತ್ತ ಬೆಲೆಯನ್ನು ನೋಡೋಣ. ಮೂತಿಯ ಮೂಳೆ ಮೊಟಕಾದರೂ ಅದರೊಳಗಿನ ಅಂಗಗಳು ಅದೇ ಪ್ರಮಾಣದಲ್ಲಿ ಮೊಟಕಾಗುವುದಿಲ್ಲ. ಕಣ್ಣೀರನ್ನು ಮೂಗಿಗೆ ಸಾಗಿಸುವ ನಾಳ ಕೋರೆಹಲ್ಲಿನ ಬೇರಿನ ಬಳಿ ಮಡಿಸಿಕೊಳ್ಳುತ್ತದೆ. ನೀರು ಒಳಕ್ಕೆ ಇಳಿಯಲಾರದೆ ಕೆನ್ನೆಯ ಮೇಲೆ ಹರಿದು ಕಂದುಗಲೆಯಾಗಿ, ಚರ್ಮದ ಮಡಿಕೆಗಳಲ್ಲಿ ಹುಣ್ಣೆಬ್ಬಿಸುತ್ತದೆ. ಈ ಬೆಕ್ಕುಗಳ ಮುಖವನ್ನು ದಿನವೂ ಒದ್ದೆಬಟ್ಟೆಯಿಂದ ಒರೆಸಬೇಕಾಗುವುದು ಅಲಂಕಾರಕ್ಕಲ್ಲ. ಕಣ್ಣುಗುಡ್ಡೆ ಹೊರಚಾಚಿ, ರೆಪ್ಪೆ ಪೂರ್ತಿ ಮುಚ್ಚದೆ, ಮುಂಭಾಗದ ಪಾರದರ್ಶಕ ಪೊರೆ ಗಾಯಗೊಂಡು ಕಪ್ಪಾಗಿ ಸತ್ತುಹೋಗುವುದೂ ಉಂಟು. ಹಲ್ಲುಗಳು ಇಕ್ಕಟ್ಟಿನಲ್ಲಿ ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ; ಆಳವಾದ ಬಟ್ಟಲಿನಿಂದ ತಿನ್ನಲಾಗದ್ದರಿಂದ ಅಗಲವಾದ ತಟ್ಟೆ ಬೇಕಾಗುತ್ತದೆ. ಮೂಗಿನ ಹೊಳ್ಳೆಗಳು ಕಿರಿದಾಗಿ ಉಸಿರು ಗೊರಗುಟ್ಟುತ್ತದೆ. ಮೈ ಕೊಬ್ಬಿದರೆ ಈ ತೊಂದರೆ ಇಮ್ಮಡಿಸುವುದು. ನಮ್ಮ ಬೇಸಗೆಯ ಸೆಕೆಯೂ ಅರಿವಳಿಕೆಯ ಔಷಧವೂ ಇವಕ್ಕೆ ಇತರ ಬೆಕ್ಕುಗಳಿಗಿಂತ ಹೆಚ್ಚು ಅಪಾಯಕರ. ದೊಡ್ಡ ತಲೆಯ ಮರಿಗಳಿಂದಾಗಿ ಪ್ರಸವವೂ ಕಷ್ಟ. 2017ರಲ್ಲಿ ಜರ್ಮನಿಯ ಪಶುವೈದ್ಯರು ತಲೆಬುರುಡೆಗಳನ್ನು ಪರೀಕ್ಷಿಸಿ, ಮುಖ ಅತಿ ಚಪ್ಪಟೆಯಾದ ಪರ್ಷಿಯನ್ ಬೆಕ್ಕುಗಳ ಮೆದುಳಿನಲ್ಲಿ ನೀರು ತುಂಬಿಕೊಳ್ಳುವುದು ಹೆಚ್ಚೆಂದು ತೋರಿಸಿದರು.

ಅಂಕಿಅಂಶಗಳನ್ನು ಬಳಸುವಾಗ ಎಚ್ಚರ ಅವಶ್ಯ. ಬ್ರಿಟನ್ನಿನಲ್ಲಿ 3,235 ಪರ್ಷಿಯನ್ ಬೆಕ್ಕುಗಳ ಚಿಕಿತ್ಸಾದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡ 65ರಷ್ಟು ಬೆಕ್ಕುಗಳಿಗೆ ಒಂದಾದರೂ ಕಾಯಿಲೆಯಿತ್ತು. ಕೂದಲಿನ ತೊಂದರೆಗಳು ಶೇಕಡ 12.7, ಒಸಡಿನ ರೋಗ ಶೇಕಡ 11.3. ಇತರ ತಳಿಗಳೊಡನೆ ಹೋಲಿಸದೆ ಈ ಅಂಕಿಗಳಿಂದಲೇ ಮುಖದ ಆಕಾರವನ್ನು ಅಪರಾಧಿಯೆಂದು ನಿರ್ಣಯಿಸುವುದು ಸಲ್ಲದು. ಹಾಗೆಯೇ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ರೋಗಕ್ಕೂ ಮೂತಿಗೂ ಸಂಬಂಧವಿಲ್ಲ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಆ ರೋಗ ತಲೆದೋರುತ್ತದೆ. ಅದಕ್ಕೆ ಕಾರಣವಾದ ಜೀನಿನ ದೋಷ 2004ರಲ್ಲಿ ಪತ್ತೆಯಾದ ಮೇಲೆ, ಪರೀಕ್ಷೆಮಾಡಿಸಿ ರೋಗವಾಹಕಗಳನ್ನು ಸಂತಾನವೃದ್ಧಿಯಿಂದ ದೂರವಿಡುವುದು ಸಾಧ್ಯವಾಗಿದೆ. ಮುಖದ ವಿಷಯದಲ್ಲಿ ಅಂತಹ ಪರೀಕ್ಷೆಯ ಅಗತ್ಯವೇ ಇಲ್ಲ. ಅದು ಎಲ್ಲರಿಗೂ ಕಾಣುತ್ತದೆ, ಕಂಡೇ ಬಹುಮಾನ ಕೊಟ್ಟರು.

ಹೆಸರಿನ ವಿಷಯವಾಗಿ ಒಂದು ಮಾತು. ಬೆಕ್ಕಿನ ತಳಿಗಳ ಆನುವಂಶಿಕ ಸಂಬಂಧಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2008ರಲ್ಲಿ, ಇಂದಿನ ಪರ್ಷಿಯನ್ ಬೆಕ್ಕು ಪಶ್ಚಿಮ ಏಷ್ಯದ ಬೆಕ್ಕುಗಳಿಗಿಂತ ಪಶ್ಚಿಮ ಯೂರೋಪಿನ ಬೆಕ್ಕುಗಳಿಗೇ ಹತ್ತಿರವೆಂದು ಕಂಡುಕೊಂಡರು. ದೆಲ್ಲಾ ವಾಲೆ ಮೆಚ್ಚಿದ ನೀಳಗೂದಲು ಉಳಿದುಬಂದಿದೆ. ರಕ್ತಸಂಬಂಧ ಬಹುಮಟ್ಟಿಗೆ ಅಳಿಸಿಹೋಗಿದೆ.

ಲಕ್ಷಣಪಟ್ಟಿಯಿಂದ ಆದುದನ್ನು ಲಕ್ಷಣಪಟ್ಟಿಯಿಂದಲೇ ಸರಿಪಡಿಸುವ ಯತ್ನಗಳೂ ನಡೆದಿವೆ. ಪ್ರಾಣಿಗೆ ಯಾತನೆ ತರುವಂತಹ ತಳಿಸಂವರ್ಧನೆಯನ್ನು ಜರ್ಮನಿಯ ಕಾನೂನು ನಿಷೇಧಿಸುತ್ತದೆ. ಮೂಗಿನ ಮೇಲಂಚು ಕೆಳರೆಪ್ಪೆಯ ಅಂಚಿಗಿಂತ ಮೇಲಿರುವ ಬೆಕ್ಕುಗಳಿಂದ ಮರಿಮಾಡಿಸಬಾರದೆಂದು ಅಲ್ಲಿನ ತಜ್ಞರ ವರದಿ 1999ರಲ್ಲಿ ಸೂಚಿಸಿತು. ಬ್ರಿಟನ್ನಿನ ಬೆಕ್ಕುಸಂಘಗಳ ಆಡಳಿತ ಮಂಡಲಿಯೂ ಅದೇ ಗೆರೆಯನ್ನು ಮಿತಿಯಾಗಿಟ್ಟುಕೊಂಡಿದೆ. ಅದನ್ನು ಮೀರಿದ ಬೆಕ್ಕಿಗೆ ಅಲ್ಲಿ ಪ್ರಶಸ್ತಿಯಿಲ್ಲ. ಮೂಗಿನ ತಗ್ಗನ್ನು ಕಣ್ಣುಗಳ ನಡುವೆಯೇ ಬೇಡುವ ಅಮೆರಿಕೆಯ ಪಟ್ಟಿಯಲ್ಲಿ ಆ ಗೆರೆ ಇಲ್ಲ.