ಬಾಗಿಲ ಹೊರಗಿನ ಬಂಧುಗಳು

ನಮ್ಮ ಮನೆಗಳಲ್ಲಿ ಸಾವಿಗೂ ಒಂದು ಕ್ರಮವುಂಟು. ಹೆಣದ ತಲೆಯ ಬಳಿ ಯಾರು ಕೂರಬೇಕು, ಬಾಯಿಗೆ ಅಕ್ಕಿ ಹಾಕುವವರು ಯಾರು, ಚಟ್ಟಕ್ಕೆ ಯಾರ ಹೆಗಲು, ಯಾರಿಗೆ ಎಷ್ಟು ದಿನ ಸೂತಕ, ಇವೆಲ್ಲ ಹಿರಿಯರು ಎಂದೋ ಗೊತ್ತುಮಾಡಿಟ್ಟ ಸಂಗತಿಗಳು. ದುಃಖದಲ್ಲಿ ದಿಕ್ಕುಗೆಟ್ಟವನಿಗೆ ಮಾಡಲೊಂದು ಕೆಲಸ ಸಿಕ್ಕಿದರೆ ಅರ್ಧ ಭಾರ ಇಳಿಯುತ್ತದೆಂಬ ಮರ್ಮ ಅವರಿಗೆ ತಿಳಿದಿತ್ತು. ಆದರೆ ಚಲಚ್ಚಿತ್ರದ ನಟನೊಬ್ಬ ತೀರಿಕೊಂಡಾಗ ಅವನ ಅಭಿಮಾನಿಗೆ ಈ ಕ್ರಮದಲ್ಲಿ ಯಾವ ಸ್ಥಾನ? ತನ್ನ ಲೆಕ್ಕದಲ್ಲಿ ಅವನು ಹತ್ತಿರದ ನೆಂಟ. ಸತ್ತವರ ಮನೆಯ ಲೆಕ್ಕದಲ್ಲಿ ಯಾರೋ ಬೀದಿಯವನು. ಈ ಎರಡು ಲೆಕ್ಕಗಳ ಅಂತರವೇ ಇಂಥ ಸಾವುಗಳ ಚರಿತ್ರೆಯೆಂದು ನನಗೆ ತೋರುತ್ತದೆ.

ಈ ಚರಿತ್ರೆ ಬಹಳ ಹಳೆಯದಲ್ಲ. ನಾಟಕದ ನಟ ಒಂದು ರಾತ್ರಿಗೆ ಒಂದೂರಿನವನು; ಚಿತ್ರದ ನಟನಾದರೋ ಅದೇ ರಾತ್ರಿ ನೂರು ಊರುಗಳಲ್ಲಿರುತ್ತಾನೆ. 1926ರ ಆಗಸ್ಟ್ 23ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ರುಡಾಲ್ಫ್ ವ್ಯಾಲೆಂಟಿನೋ ತೀರಿಕೊಂಡಾಗ ಅವನಿಗೆ 31 ವರ್ಷ. ಅವನು ಮೂಕಿಚಿತ್ರಗಳ ನಟ; ಪ್ರೇಕ್ಷಕರು ಚಿತ್ರಮಂದಿರದಲ್ಲಿ ಅವನ ದನಿಯನ್ನು ಒಮ್ಮೆಯಾದರೂ ಕೇಳಿದವರಲ್ಲ. ಆದರೂ ಶವವನ್ನಿಟ್ಟಿದ್ದ ಬ್ರಾಡ್‌ವೇ ಬೀದಿಯ ಮನೆಯ ಮುಂದೆ ಲಕ್ಷದಷ್ಟು ಜನ ಸೇರಿದರೆಂದು ಅಂದಾಜು. ಕಿಟಕಿಯ ಗಾಜುಗಳು ಒಡೆದವು. ಕುದುರೆಸವಾರ ಪೋಲೀಸರು ಗುಂಪಿನ ಮೇಲೆ ನುಗ್ಗಬೇಕಾಯಿತು. ಅಲ್ಲಿ ನೆರೆದವರು ಕೇಳಿದ್ದು ದೊಡ್ಡದೇನಲ್ಲ, ಒಮ್ಮೆ ಮುಖ ನೋಡಬೇಕೆಂಬುದಷ್ಟೆ.

ಎಂಬತ್ತು ವರ್ಷಗಳ ತರುವಾಯ ಬೆಂಗಳೂರು ಅದೇ ಮಾತನ್ನು ಕೇಳಿತು. 2006ರ ಏಪ್ರಿಲ್ 12, ಬುಧವಾರ. 77 ತುಂಬಲು ಹನ್ನೆರಡು ದಿನ ಉಳಿದಿದ್ದಾಗ ರಾಜಕುಮಾರರು ಹಠಾತ್ತಾಗಿ ಕಣ್ಮುಚ್ಚಿದರು. 1954ರ 'ಬೇಡರ ಕಣ್ಣಪ್ಪ'ದಿಂದ ಮೊದಲುಗೊಂಡು ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಕರಾಗಿದ್ದವರು. ಗೋಕಾಕ್ ಚಳವಳಿಯಲ್ಲಿ ನಾಡನ್ನೆಲ್ಲ ಸುತ್ತಿದವರು. 2000ದಲ್ಲಿ 108 ದಿನ ಕಾಡುಗಳ್ಳನ ಸೆರೆಯಲ್ಲಿದ್ದು ಮರಳಿ ಬಂದವರು. ಇಂಥವರು ಹೋದರೆಂಬ ಸುದ್ದಿ ಬಂದೊಡನೆ ಅಂಗಡಿಗಳ ಬಾಗಿಲು ಬಿದ್ದವು, ಬಸ್ಸುಗಳು ನಿಂತವು. ಅಂದು ಸಂಜೆ ನಾನು ಮಲ್ಲೇಶ್ವರದಿಂದ ಬಸವನಗುಡಿಯವರೆಗೆ ನಡೆದೇ ಮನೆ ಸೇರಿದೆ. ದಾರಿಯುದ್ದಕ್ಕೂ ಕಲ್ಲು, ಗಾಜಿನ ಚೂರು. ಕಲ್ಲು ಹಿಡಿದಿದ್ದ ಹುಡುಗರಲ್ಲಿ ಒಬ್ಬನ ಕಣ್ಣಲ್ಲಿ ನೀರು ಇಳಿಯುತ್ತಿದ್ದುದನ್ನು ಕಂಡೆ. ಆ ಅಳುವಿಗೂ ಆ ಕಲ್ಲಿಗೂ ಏನು ಸಂಬಂಧವೆಂದು ಅಂದು ನನಗೆ ಹೊಳೆಯಲಿಲ್ಲ.

ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ದರ್ಶನದ ವ್ಯವಸ್ಥೆ ಮುರಿದುಬಿತ್ತು. ಮರುದಿನ ಕಂಠೀರವ ಸ್ಟುಡಿಯೋದಲ್ಲಿ ಸಮಾಧಿಯಾಗುವ ಹೊತ್ತಿಗೆ ಗೋಲೀಬಾರು, ಗಲಭೆಗಳಲ್ಲಿ ಎಂಟು ಜೀವಗಳು ಹೋಗಿದ್ದವು, ಅವರಲ್ಲೊಬ್ಬ ಪೋಲೀಸಿನವನು. ಜನರನ್ನು 'ಅಭಿಮಾನಿ ದೇವರುಗಳು' ಎಂದು ಕೈಮುಗಿದು ಕರೆಯುತ್ತಿದ್ದವರ ಸಾವಿನಲ್ಲಿ ಆ ದೇವರುಗಳಿಗೆ ಗರ್ಭಗುಡಿಯೂ ಸಿಗಲಿಲ್ಲ, ಪ್ರಾಕಾರವೂ ಸಿಗಲಿಲ್ಲ. ಇದರಿಂದ ಕಲ್ಲೆಸೆದವರ ತಪ್ಪು ತಪ್ಪಲ್ಲವಾಗುವುದಿಲ್ಲ. ಮಡಿದ ಎಂಟು ಮಂದಿಯ ಮನೆಗಳಲ್ಲಿ ಕೂಡ ಅಂದು ಹೆಣದ ತಲೆಯ ಬಳಿ ಯಾರೋ ಕುಳಿತಿದ್ದರಷ್ಟೆ! ಅವರ ಹೆಸರುಗಳು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿವೆ?

ದುಃಖ ಬೇರೆ ದಾರಿ ಹಿಡಿದ ನಿದರ್ಶನಗಳೂ ಇವೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ಶಂಕರ್ ನಾಗ್ ಅಪಘಾತಕ್ಕೆ ಸಿಕ್ಕಿದರು, ವಯಸ್ಸು 35. 1980ರ 'ಆಟೋ ರಾಜ'ದಲ್ಲಿ ಆಟೋ ಚಾಲಕನಾಗಿ ನಟಿಸಿದ ಅವರನ್ನು ಚಾಲಕರು ತಮ್ಮವರೆಂದೇ ಇಟ್ಟುಕೊಂಡರು. ಇಂದಿಗೂ ಆಟೋಗಳ ಬೆನ್ನಿನ ಮೇಲೆ ಆ ಮುಖವಿದೆ, ನಿಲ್ದಾಣಗಳಿಗೆ ಆ ಹೆಸರಿದೆ. ದಿನವೂ ಗಾಡಿ ಒರೆಸುವಾಗ ಆ ಮುಖವನ್ನೂ ಒರೆಸುವುದು, ಶ್ರಾದ್ಧಕ್ಕಿಂತ ಕಡಮೆಯ ಕರ್ಮವೇನಲ್ಲ.

2021ರ ಅಕ್ಟೋಬರ್ 29ರಂದು ರಾಜಕುಮಾರರ ಕಿರಿಯ ಮಗ ಪುನೀತ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಗರ 2006ನ್ನು ನೆನೆದು ನಡುಗಿತು. ಅದೇ ಕ್ರೀಡಾಂಗಣ, ಅದೇ ಜನಸಾಗರ. ಆದರೆ ಈ ಸಲ ಸರತಿಯ ಸಾಲಿತ್ತು. ನಿಂತವನಿಗೆ ತನ್ನ ಸರದಿ ಬಂದೀತೆಂಬ ನಂಬಿಕೆಯಿತ್ತು. ಆಘಾತ ತಾಳಲಾರದೆ ಕೆಲವರು ಅಸುನೀಗಿದ್ದುಂಟು. ಅದೂ ಮರೆಯತಕ್ಕ ಮಾತಲ್ಲ. ಆದರೆ ಬೀದಿ ಹೊತ್ತಿ ಉರಿಯಲಿಲ್ಲ. 31ರ ಬೆಳಗಿನ ಜಾವ ತಂದೆತಾಯಿಗಳ ಪಕ್ಕದಲ್ಲಿ ಸಮಾಧಿಯಾಯಿತು.

ತಂದೆಯಂತೆ ಮಗನೂ ಕಣ್ಣು ಕೊಟ್ಟು ಹೋಗಿದ್ದರು. ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಣ್ಣಿನ ಪಾರದರ್ಶಕ ಪಟಲವನ್ನೂ ಮುಂದಿನ ಪದರ, ಹಿಂದಿನ ಪದರವೆಂದು ಬೇರ್ಪಡಿಸಿ, ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಕಲ್ಲು ಹಿಡಿಯಬಹುದಾಗಿದ್ದ ಕೈಗೆ ಲೇಖನಿ ಸಿಕ್ಕಿತ್ತು. ಮಾಡಲೊಂದು ಕೆಲಸ ದೊರೆತಿತ್ತು.

ಇಷ್ಟರ ಮೇಲೆ ನಡೆದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ನವೆಂಬರ್ 9ರಂದು, ಹನ್ನೆರಡನೆಯ ದಿನ, ಅರಮನೆ ಮೈದಾನದಲ್ಲಿ ಆ ಮನೆಯವರು ಅಭಿಮಾನಿಗಳಿಗೆ ಅನ್ನಸಂತರ್ಪಣೆ ಮಾಡಿದರು. ಸಹಸ್ರಾರು ಜನ ಬಂದು ಪಂಕ್ತಿಯಲ್ಲಿ ಕುಳಿತರು. ಅಣ್ಣಂದಿರಾದ ಶಿವರಾಜಕುಮಾರ್, ರಾಘವೇಂದ್ರ ರಾಜಕುಮಾರ್ ತಾವೇ ನಿಂತು ಬಡಿಸಿದರು. ತಿಥಿಯ ಊಟಕ್ಕೆ ಎಲೆ ಹಾಕುವುದು ಬೀದಿಯವರಿಗಲ್ಲ, ಬಂಧುಗಳಿಗೆ.